ಮೂವತ್ತೊಂಬತ್ತು ಮೊಳೆ

ಬೆಟಗೇರಿಯ ಅಸುಂಡಿ ಟೀಚರು
ಗಣಿತ ಸಂಘದ ಕಿರುಹೊತ್ತಿಗೆಗೆಂದು ಚೀಟಿ ತಂದರು.
ಅದರಲ್ಲಿ ಒಂದೇ ಸಂಖ್ಯೆ:
೧೭೦೧೪೧೧೮೩೪೬೦೪೬೯೨೩೧೭೩೧೬೮೭೩೦೩೭೧೫೮೮೪೧೦೫೭೨೭
'ಒಂದ ಸಾಲಿನ್ಯಾಗ ಕೂಡಸ್ರಿ ಕೊಟ್ರಪ್ಪ, ನಡುವ ಕಾಮಾ ಬ್ಯಾಡ.'

ಅಪ್ಪ ಕೇಸಿನ ಖಣ ಕೆದಕಿದ.
೧ ಎಂಟು ಬೇಕು, ಸಿಕ್ಕದ್ದು ಮೂರು.
ಉಳಿದವು ನರೇಗಲ್ಲದವರ ಲಗ್ನಪತ್ರಿಕೆಯೊಳಗೆ
ಮುಹೂರ್ತ ಹಿಡಿದು ನಿಂತಿದ್ದವು.
'ಅವರ ಮದಿವಿ ಒತ್ತಿ ಮುಗೀಲಿ ಟೀಚರ್, ಆಮ್ಯಾಲೆ ನಿಮ್ದು.'

ಟ್ರೆಡಲ್ಲಿನ ಸದ್ದಿನಲ್ಲಿ
ಟೀಚರು ನನಗೆ ಲೆಕ್ಕ ಹೇಳಿದರು.
ಒಂದು ಜೋಳದ ಕಾಳಿಡು, ಇಮ್ಮಡಿಸು, ಮತ್ತೆ ಇಮ್ಮಡಿಸು,
ಏಳು ಸಲಕ್ಕೆ ನೂರಿಪ್ಪತ್ತೆಂಟು.
ಒಂದು ಗುಬ್ಬಿಗೆ ಹಾಕು.
ಉಳಿದ ನೂರಿಪ್ಪತ್ತೇಳು ಯಾವ ಪಾಲಿಗೂ ಒಗ್ಗದು.
ಈಗ ಮೊದಲ ಕಾಳಿಗೇ ಮರಳು,
ನೂರಿಪ್ಪತ್ತೇಳು ಸಲ ಇಮ್ಮಡಿಸು,
ಗುಬ್ಬಿಗೆ ಮತ್ತೊಂದು.
ಇದು ಅದು.

ಊರಿಗೆ ಊರೇ ಪಂಕ್ತಿ ಕೂತರೂ
ಸಮ ಬಡಿಸಲು ಬಾರದು.
ಕಾಳಿಗೊಬ್ಬರಂತೆ ಬರಬೇಕು,
ಇಲ್ಲ, ರಾಶಿಯೆಲ್ಲ ಒಬ್ಬನೇ ಹೊರಬೇಕು.

ನೂರು ವರ್ಷದ ಹಿಂದೆ ಯಾವನೋ
ಯಂತ್ರವಿಲ್ಲದೆ, ಭಾಜಕಗಳ ಹಿಂದೆ ಅಲೆಯದೆ,
ಇದು ಒಡೆಯದು ಎಂದು ತೋರಿಸಿದ್ದನಂತೆ.
ಅಪ್ಪ ತಲೆಯೆತ್ತಿದ್ದು ಆಗ ಮಾತ್ರ:
'ಕೈಕೆಲಸದಾಂವ.'

ರಾತ್ರಿ ಪ್ರೂಫು ತೆಗೆದು ಅಂಕಿ ಕೂಡಿಸಿದ.
ನೂರಾ ಐವತ್ತನಾಲ್ಕು.
ಚೀಟಿಯದೂ ನೂರಾ ಐವತ್ತನಾಲ್ಕು.
ಬೀಡಿ ಹಚ್ಚಿದ.
ನಾನು ಬಾಲ ನೋಡಿದೆ: ೭೨.
'ಅಪ್ಪಾ, ಇದು ಸರಿ ಆಗೇತಿ.'
'ಸರಿ ಇದ್ರ ಒತ್ತು.'
'ಸರಿ ಆಗಿದ್ದ ತಪ್ಪು. ಬೆಸ ಇರಬೇಕು.'

ಮೊತ್ತಕ್ಕೆ ಗೊತ್ತಾಗದು
ಯಾರು ಮುಂದೆ, ಯಾರು ಹಿಂದೆ.
ಎರಡು ಮೊಳೆ ಅದಲು ಬದಲು,
ಕಲ್ಲಿನಂಥದ್ದು ಎರಡು ಹೋಳು.
ಚಿಮಟಿಗೆಯಲ್ಲಿ ಎತ್ತಿ ತಿರುಗಿ ಕೂರಿಸಿದ,
ಕೂಸನ್ನು ಮಗ್ಗುಲು ಬದಲಿಸಿದ ಹಾಗೆ.

ಬೆಳಗ್ಗೆ ಟೀಚರನ್ನು ಕೇಳಿದ: 'ಇದರ ಮುಂದಿಂದು?'
ಎರಡು ಮೂರನ್ನು ಹೆತ್ತಿತು, ಮೂರು ಏಳನ್ನು,
ಏಳು ನೂರಿಪ್ಪತ್ತೇಳನ್ನು, ಅದು ಇದನ್ನು.
ಇದರ ಹೊಟ್ಟೆಯದು ಒಡೆಯುತ್ತದೋ ಇಲ್ಲವೋ
ಬಲ್ಲವರಿಲ್ಲ.
ಬರೆಯಹೋದರೆ ಭೂಮಿ ಸಾಲದು.
ಅಪ್ಪ ಖಣ ನೋಡಿದ, ಟೀಚರನ್ನು ನೋಡಿದ.
'ಸೀಸ ಎಲ್ಲಿಂದ ತರೂದ್ರಿ?'

ಇನ್ನೂರು ಪ್ರತಿ ಆದಮೇಲೆ
ಮೊಳೆ ಬಿಡಿಸುವುದು ನನ್ನ ಪಾಳಿ.
ಸೀಮೆಎಣ್ಣೆಯ ಬಟ್ಟೆಯಿಂದ ಮಸಿ ಒರೆಸಿ
ಯಾವುದಕ್ಕೂ ಒಡೆಯದ್ದನ್ನು
ಹತ್ತು ಖಣಕ್ಕೆ ಹಂಚಿದೆ.
೧ ಎಂಟು, ೭ ಆರು, ೩ ಐದು...
ಚಹಾ ಆರುವುದರೊಳಗೆ ಮುಗಿಯಿತು.

೯ ಇದ್ದದ್ದು ಒಂದೇ ಒಂದು.
ಮರುದಿನ ಅದು
ಶೇಂಗಾ ಎಣ್ಣಿ ಮಿಲ್ಲಿನ ಪಾವತಿ ಬುಕ್ಕಿಗೆ ಹೋಯಿತು.