ಗೀರು ಬಿದ್ದಲ್ಲಿ

ಸಿದ್ದಾಪುರದ ಕ್ಲಬ್ಬಿಗೆ ಸೋಮವಾರ ರಜೆ.
ಸಾವ್ಕಾರರ ಗ್ಲಾಸೆಲ್ಲ ತೊಳೆದು ಕವುಚಿಟ್ಟು
ಬಾರಿನ ಚಾತುಕುಟ್ಟಿ ಆ ಜಾಝ್ ತಟ್ಟೆ ತೆಗೆಯುತ್ತಿದ್ದ,
ಪಂಚೆಯಂಚಿನಿಂದ ಒರೆಸಿ, ಎರಡು ಸಲ ಊದಿ.
ಅಪ್ಪ ಬಿಲಿಯರ್ಡ್ಸ್ ಮೇಜಿಗೆ ಬ್ರಷ್ ಹಾಕುತ್ತಿದ್ದರು.
ನಾನು ಮೇಜಿನ ಕೆಳಗೆ, ಬೆರಳಿಗೆಲ್ಲ ನೀಲಿ ಸೀಮೆಸುಣ್ಣ.

ಮೊದಲು ಡ್ರಮ್ಮನ್ನು ಸುಮ್ಮನೆ ಸವರುವ ಸದ್ದು.
ಕಣದಲ್ಲಿ ಕಾಫಿ ಹರವುವ ಹಲಗೆಯದೇ ಸದ್ದು,
ಯಾರು ಬಂದರೆಂದು ಕಿಟಕಿಯಾಚೆ ನೋಡಿದ್ದೂ ಉಂಟು.
ಆಮೇಲೆ ದಪ್ಪ ತಂತಿ, ಒಂದೊಂದೇ ಹೆಜ್ಜೆ.
ಆಮೇಲೆ ಒಬ್ಬ ಮಾತಾಡುತ್ತಿದ್ದ. ಹಾಡಲ್ಲ, ಮಾತು.
ಇಂಗ್ಲಿಷಿನಲ್ಲಿ, ಗಂಟಲು ಕಟ್ಟಿದವನ ಹಾಗೆ.

"ಇವನಪ್ಪ ಮಂಜುಗಡ್ಡೆ ಹೊರುವವ," ಎನ್ನುತ್ತಿದ್ದ ಚಾತುಕುಟ್ಟಿ,
"ಬೆನ್ನ ಮೇಲೆ ಗೋಣಿ, ಗೋಣಿ ಮೇಲೆ ಗಡ್ಡೆ,
ನಲವತ್ತೊಂದು ಮೆಟ್ಟಿಲು. ಎಣಿಸು ಮೋಳೇ."
ತಂತಿ ಹತ್ತುತ್ತಿತ್ತು, ನಾನು ಎಣಿಸುತ್ತಿದ್ದೆ.
ಸ್ಯಾಕ್ಸೊಫೋನು ಮೇಲಿನ ಮನೆಯ ಹೆಂಗಸು,
ತಡವಾಯಿತೆಂದು ಬೈಯುವವಳು.

ಅರ್ಧ ದಾರಿಯಲ್ಲಿ ಗೀರು.
ಯಾರ ಉಂಗುರ ತಾಗಿತ್ತೋ,
ಮುಳ್ಳು ಟಕ್ಕೆಂದು ಹಾರಿ
ಆ ಅಪ್ಪ ಒಮ್ಮೆಲೇ ಮರುದಿನ ಬೆಳಗಿನಲ್ಲಿರುತ್ತಿದ್ದ.
ಹಾರಿದ್ದನ್ನು ಚಾತುಕುಟ್ಟಿ ತುಂಬಿಕೊಡುತ್ತಿದ್ದ:
ಒಂದು ಸೋಮವಾರ ಮೆಟ್ಟಿಲಿಗೆ ಆನೆ ಅಡ್ಡ ನಿಂತಿತು,
ಒಂದು ಸೋಮವಾರ ಸತ್ತ ತಮ್ಮ ಬಂದು
ಗೋಣಿಯ ಇನ್ನೊಂದು ತುದಿ ಹಿಡಿದ.
ಅವನ ಹೆಂಡತಿ ತಲಶ್ಶೇರಿಗೆ ಹೋಗಿ ಬಾರದ ವಾರ
ಏನೂ ಹೇಳಲಿಲ್ಲ. ಮುಳ್ಳೆತ್ತಿ ಹಿಂದಕ್ಕಿಟ್ಟ.
ಮತ್ತೆ ಹಿಂದಕ್ಕಿಟ್ಟ.

ಈಗ ನನಗೆ ಐವತ್ತಾರು.
ಗೋಣಿಕೊಪ್ಪದ ಬಸ್ಸಿನಲ್ಲಿ ತಂಗಿಯ ಮಗ
ಫೋನಿನಲ್ಲಿ ಹುಡುಕಿ ಕಿವಿಗೆ ಸಿಕ್ಕಿಸಿದ.
ಗೀರಿಲ್ಲದ ಪ್ರತಿ. ಇಂಗ್ಲಿಷೂ ತಿಳಿಯುತ್ತದೆ, ಬೇಕಾದಷ್ಟು.
ಪಾಲಿಬೆಟ್ಟದ ತಿರುವಿನಲ್ಲಿ ಆ ಜಾಗ ಬಂತು:

ಅವನು ಮೆಟ್ಟಿಲ ಮೇಲೆ ಕೂತ.
ಟೊಪ್ಪಿ ತೆಗೆದ. ಗಡ್ಡೆ ಕರಗುತ್ತಿತ್ತು.
ಕರಗಲಿ ಎಂದು ಬಿಟ್ಟ.

ಅಷ್ಟೇ. ಆನೆ ಇಲ್ಲ.
ಮುಳ್ಳೆತ್ತಲು ಹೋದ ನನ್ನ ಕೈ
ಮುಂದಿನ ಸೀಟಿನ ಕಂಬಿ ಹಿಡಿಯಿತು.
ಅವನು ಕೂತ ಮೇಲೂ ತಂತಿ ನಡೆಯುತ್ತಲೇ ಇತ್ತು.

ಇಳಿಯುವುದರೊಳಗೆ ಎರಡು ಸಲ ಎಣಿಸಿದೆ.
ನಲವತ್ತಮೂರು.
ಎರಡು ಮೆಟ್ಟಿಲು ಗೀರಿನಲ್ಲಿ ಬಿದ್ದುಹೋಗಿರಬೇಕು,
ಇಲ್ಲವೇ ಚಾತುಕುಟ್ಟಿಗೆ ಲೆಕ್ಕ ಬರುತ್ತಿರಲಿಲ್ಲ.
ಬಾರಿನ ಪುಸ್ತಕ ತಾಳೆ ನೋಡಿದವರೂ
ಆಗ ಹಾಗೇ ಅಂದಿದ್ದರಂತೆ.