ಮೂಸಾ, ಮೂಸು

ಸಮ್ಮೇಳನದವರು ನನ್ನ ಕೊರಳಿಗೂ ಒಂದು ಚೀಟಿ ಹಾಕಿದರು:
ಮೂಸಾ ನದಾಫ, ಚಾಲಕ.
ಮಸ್ಕತ್ತಿನಿಂದ ಹೈಮಾಕ್ಕೆ ಆರು ತಾಸು,
ಹಿಂದೆ ಹದಿನೇಳು ಪಂಡಿತರು, ಖರ್ಜೂರದ ಡಬ್ಬ,
ಮಾತುಮಾತಿಗೂ ನನ್ನ ಹೆಸರು.

ಚಳಿಗಾಲದಲ್ಲಿ ಮೂಸ್ ಎಳೆ ಪೈನ್ ಮುರಿದು ತಿನ್ನುತ್ತದೆ,
ಕತ್ತಲಾದರೆ ಮೂಸ್ ರಸ್ತೆಗಿಳಿಯುತ್ತದೆ.
ಪ್ರತಿ ಸಲವೂ ಕನ್ನಡಿಯತ್ತ ಕಣ್ಣೆತ್ತಿದೆ,
ಕರೆದರೇನೋ ಎಂದು.

ಕೊನೆಗೆ ಫಿನ್‌ಲ್ಯಾಂಡಿನ ಐಲಾ ಮುಂದೆ ಬಂದು ಕೂತು
ಫೋನಿನಲ್ಲಿ ತೋರಿಸಿದಳು:
ಎಮ್ಮೆಯ ಮೈ, ಒಂಟೆಯ ಮೂತಿ,
ತಲೆಯ ಮೇಲೆ ಎರಡು ಮೊರ ಸಿಕ್ಕಿಸಿದಂಥ ಕೊಂಬು.
"ಇದು ನೀನು" ಎಂದು ನಕ್ಕಳು.
ಹರುಕು ಇಂಗ್ಲಿಷಿನಲ್ಲಿ ಹೇಳಿದೆ, ನಮ್ಮ ನರಗುಂದದಲ್ಲಿ
ಮೂಸು ಅಂದರೆ ಮೂಗಿನ ಕೆಲಸ:
ಹಾಲು ಕೆಟ್ಟಿತೇ, ಮೂಸು. ಹತ್ತಿ ಹಸಿಯೇ, ಮೂಸು.
ಬರೆದುಕೊಂಡಳು.
ಏನು ಹೇಳಿದರೂ ಬರೆದುಕೊಳ್ಳುವ ಜನ.

ಡಾಂಬರು ಮುಗಿದಲ್ಲಿ ಬಖೀತ್ ನಿಂತಿದ್ದ,
ಹರಾಸಿಸ್ ಕುಲದವನು, ಪಿಕಪ್ಪಿಗೆ ಒರಗಿ.
ಮೊದಲು ಕಾಫಿ.
ಬಟ್ಟಲು ಅಲ್ಲಾಡಿಸಿ ಸಾಕೆನ್ನುವವರೆಗೂ ಸುರಿಯುವ ಕಾಫಿ.
ಒಬ್ಬ ಪ್ರೊಫೆಸರು, ಪಾಪ, ಏಳು ಬಟ್ಟಲು ಕುಡಿದ.
ಯಾರೂ ಹೇಳಿಕೊಡಲಿಲ್ಲ, ನಾನೂ.

ಕಾಡೆಲ್ಲಿ ಎಂದರು. ಪಟ್ಟಿಯಲ್ಲಿ ಕಾಡು ಎಂದಿತ್ತು.
ಬಖೀತ್ ಗಡ್ಡ ಎತ್ತಿ ತೋರಿಸಿದ:
ಬಟ್ಟಬಯಲಿನಲ್ಲಿ ಹನ್ನೊಂದು ಮರ,
ಕೂಗಿದರೆ ಒಂದಕ್ಕೊಂದು ಕೇಳದಷ್ಟು ದೂರ.
ಇದರಡಿ ಅವನು ಹುಟ್ಟಿದ್ದು.
ಅದರಡಿ ಅಜ್ಜಿ ಮೇಕೆಗೂದಲಿನ ಕಂಬಳಿ ನೇಯ್ದದ್ದು.
ಆಚೆಯದು ಜಗಳದ ಮರ,
ಕೂತವರು ರಾಜಿಯಾಗದೆ ಏಳುವಂತಿಲ್ಲ.
ಎಲ್ಲಕ್ಕೂ ಅವನ ಭಾಷೆಯಲ್ಲಿ ಹೆಸರಿದೆ,
ಮಕ್ಕಳು ಈಗ ಎಲ್ಲವನ್ನೂ ಮರ ಎನ್ನುತ್ತಾರಂತೆ.

ಗಾಫ್, ಎಂದು ಪಂಡಿತರು ಬರೆದುಕೊಂಡರು.
ನಾನು ಸುಮ್ಮನೆ ಒಂದು ಟೊಂಗೆ ಬಗ್ಗಿಸಿದೆ.
ಅಕ್ಕಿಕಾಳಿನಂಥ ಜೋಡಿ ಎಲೆ, ಒಳಗೆ ಅಡಗಿದ ಮುಳ್ಳು,
ಅಯ್ಯ ಶಿವನೆ, ಇದು ನಮ್ಮ ಬನ್ನಿ!
ಹನ್ನೆರಡು ವರ್ಷ ಇದರ ಪಕ್ಕದಲ್ಲೇ ಗಾಡಿ ಓಡಿಸಿದೆ,
ಒಮ್ಮೆಯೂ ಇಳಿದು ಯಾವೂರು ಎಂದು ಕೇಳಿರಲಿಲ್ಲ.
ದಸರೆಯ ಸಂಜೆ ಗಾದಿ ಹೊಲಿಯುವ ಅಪ್ಪನ ಬಾಗಿಲಿಗೆ
ಕಮ್ಮಾರ ಮೌನಪ್ಪ ಬರುತ್ತಿದ್ದ, ಮುಷ್ಟಿ ತುಂಬ ಎಲೆ:
"ಬನ್ನಿ ತಗೋರಿ ಸಾಹೇಬ್ರ, ಬಂಗಾರದಂಗ ಇರೂಣು."
ಅರಳೆಯ ಧೂಳಿನ ಕೈಯಲ್ಲೇ ತಗೊಳ್ಳುತ್ತಿದ್ದ ಅಪ್ಪ.

ಬಖೀತ್‌ಗೆ ಅರಬಿಯಲ್ಲಿ ತಿಳಿಸಿದೆ:
ನಮ್ಮ ಬಾಯಲ್ಲಿ ಬರ್ರಿ, ಪುಸ್ತಕದ ಬಾಯಲ್ಲಿ ಬನ್ನಿ,
ಒಳಗೆ ಕರೆಯುವ ಮಾತೇ ಈ ಮರದ ಹೆಸರು.
ಇದರಲ್ಲಿ ಹೊಸದೇನು ಎಂಬಂತೆ ನೋಡಿದ.
ಇಲ್ಲಿ ನೆರಳಿರುವುದು ಮತ್ತೇನು ಹೇಳೀತು?

ನೋಡಲು ಬಂದದ್ದು ಮಹಾ.
ಹೆಸರು ಮಹಾ, ಮೈ ನಮ್ಮೂರ ಹೋರಿಗರುವಿನಷ್ಟು,
ಬಿಳಿ, ಈಟಿಯಂಥ ಕೊಂಬು.
ದುರ್ಬೀನು ಕೈಯಿಂದ ಕೈಗೆ ಹೋಯಿತು,
ಸಿಕ್ಕಿದ್ದೆಲ್ಲ ಬಿಸಿಲುಗುದುರೆ.
ಬಖೀತ್ ಬಗ್ಗಿ ಒಂದು ಹಿಕ್ಕೆ ಎತ್ತಿ ಮುರಿದು ಮೂಸಿದ.
ನಿನ್ನೆ ರಾತ್ರಿಯದು, ಎಂದ.
ಮಂಜು ಕೂತ ಎಲೆ ನೆಕ್ಕಿ ತೆಂಕಲಿಗೆ ಹೋಗಿದೆ.
ಐಲಾ ಮಂಡಿಯೂರಿದಳು. ಆಮೇಲೆ ಜಪಾನಿನವನು,
ಆಮೇಲೆ ಕರವಸ್ತ್ರ ಹಿಡಿದಿದ್ದವರು ಕೂಡ,
ಚೀಟಿಗಳು ಮರಳಿಗೆ ತಾಗುವಂತೆ ಬಗ್ಗಿ.
"ಮೂಸಾ," ಎಂದಳು ಐಲಾ, ಕನ್ನಡದಲ್ಲಿ, "ಮೂಸು."
ಒಣಹುಲ್ಲು. ಸ್ವಲ್ಪ ಉಪ್ಪು. ಕೊನೆಗೆ ಮಾತ್ರ,
ಮಳೆ ಬರುವ ಮುನ್ನ ಗಾದಿ ಬಿಸಿಲಿಂದ ಒಳಗೆ ತಂದಾಗಿನ ವಾಸನೆ.

ಮರಳುವಾಗ ಕತ್ತಲು. ಮುಂದಿನ ಸೀಟಿನಲ್ಲಿ ಅವಳು,
ಇಬ್ಬರ ಕಣ್ಣೂ ರಸ್ತೆಯ ಅಂಚಿಗೆ.
ಹತ್ತೊಂಬತ್ತು ನನಗೆ, ಎಂದಳು, ಸ್ಟೀರಿಂಗ್ ನನ್ನ ಕೈಲಿತ್ತು,
ಮೂಸ್ ಎದ್ದು ಹೋಯಿತು, ತಮ್ಮ ಏಳಲಿಲ್ಲ.
ಆಗ ನಾನು ತುಮ್ರೈತ್ ದಾರಿಯ ಒಂಟೆಯ ಮಾತು ತೆಗೆದೆ,
ಮನೆಯಲ್ಲೂ ಆಡದ ಮಾತು.
ಕಾಲು ತಾನಾಗಿ ಹಗುರಾಯಿತು, ಮುಳ್ಳು ಅರವತ್ತಕ್ಕೆ ಇಳಿಯಿತು.

ಹಿಂದೆ ಎಲ್ಲರೂ ನಿದ್ದೆ,
ಏಳು ಬಟ್ಟಲಿನವನೊಬ್ಬ ಎಚ್ಚರ.
ಎಡಕ್ಕೆ ಏನೋ ಬೆಳ್ಳಗೆ ನಿಂತಿದೆ ಎಂದ.
ನಾನು ನಿಲ್ಲಿಸಲಿಲ್ಲ.
ದೀಪ ತಗ್ಗಿಸಿದೆ.