ಉಬ್ಬರದ ವೇಳಾಪಟ್ಟಿ

ಬೈನಾ ದಂಡೆಯ ನಮ್ಮ ಮೈದಾನ
ದಿನಕ್ಕೆ ಎರಡು ಸಲ ಮುಳುಗುತ್ತಿತ್ತು.
ಗೋಲುಕಂಬ ಎಂದರೆ ನಾಲ್ಕು ಎಣ್ಣೆಪೀಪಾಯಿ.
ಬಂದರು ಕಚೇರಿಯಿಂದ ಉಬ್ಬರದ ವೇಳಾಪಟ್ಟಿ ಹರಿದು ತಂದು
ಪಾಶ್ಕೋಲ್ ಮಾಸ್ತರ ಜೇಬಿನಲ್ಲಿಡುತ್ತಿದ್ದ:
ಸೋಮವಾರ ಸಂಜಿ ಐದೂಕಾಲು, ಮಂಗಳವಾರ ಆರು,
ಗುರುವಾರ ಬೆಳಿಗ್ಗೆ ಏಳಕ್ಕ, ಯಮನೂರ, ಮಕ್ಕೊಂಡೀ ಮತ್ತ.

ಕನ್ನಡ ಅವನು ಕಲಿತದ್ದು ನಮ್ಮ ಬೈಗುಳದಿಂದ.
ಬಾದಾಮಿ ಕಡೆಯ ಗಾರೆಯವರ ಮಕ್ಕಳು ನಾವು.
ಊರ ಹುಡುಗರು ಬೂಟು ಕಟ್ಟಿ
ಇಗರ್ಜಿಯ ಹಿಂದಿನ ಹುಲ್ಲಿಗೆ ಹೋದ ಮೇಲೆ
ಉಳಿದ ಮರಳು ನಮ್ಮದು.

ಅವನು ಆಡಿದ್ದು ಪೋರ್ತುಗೀಜರ ಕಾಲದಲ್ಲಿ,
ಕೊಯ್ದ ಗದ್ದೆಯಲ್ಲಿ, ಕೂಳೆ ಚುಚ್ಚುತ್ತಿರಲು, ಬರಿಗಾಲಲ್ಲಿ.
ಆಗಿನ ಚೆಂಡಿಗೆ ದಾರದ ಗಂಟು; ಗಂಟು ತಾಗಿದ ಕಡೆ
ಹಣೆಯಲ್ಲಿ ಒಂದು ಗೀರು.
ಯಾರಾದರೂ ಕೇಳಿದರೆ ಮಾತ್ರ ಟೊಪ್ಪಿ ತೆಗೆಯುತ್ತಿದ್ದ.
ಹಾಫ್‌ಬ್ಯಾಕು. ಒಂಬತ್ತು ವರ್ಷ. ಗೋಲು ಒಂದು,
ಅದೂ ಗಾಳಿ ಹೊಡೆದದ್ದು ಎನ್ನುತ್ತಿದ್ದ.
ಪತ್ರಿಕೆಯಲ್ಲಿ ಹೆಸರು ಬಂದದ್ದು ಎರಡು ಬಾರಿ,
ಒಮ್ಮೆ ತಪ್ಪಾಗಿ, ಒಮ್ಮೆ ಮೊಣಕಾಲು ಮುರಿದಾಗ.
ಆಮೇಲೆ ಅದಿರಿನ ಲೆಕ್ಕ ಬರೆಯುವ ಗುಮಾಸ್ತಿಕೆ,
ಸಂಬಳದ ದಿನ ನಮಗೊಂದು ಚೆಂಡು.

ತಿಸ್ರ್ಯಾ ತಿಂದು ಉಳಿದ ಹನ್ನೊಂದು ಚಿಪ್ಪು ಮೇಜಿನ ಮೇಲೆ ಹರಡಿ
ಉಪ್ಪಿನ ಡಬ್ಬಿಯನ್ನು ಚೆಂಡು ಮಾಡಿ
ಚಿಪ್ಪುಗಳ ನಡುವಿನ ಹಲಗೆಯನ್ನು ಬೆರಳಿನಿಂದ ಒರೆಸುತ್ತಿದ್ದ:
"ಇಲ್ಲಿ ನೋಡ. ಆಟ ಇಲ್ಲೈತಿ."
ನಮಗೆ ಕಂಡದ್ದು ಎಣ್ಣೆ ಕಲೆ.

ಮಡಗಾಂವಿನ ಫೈನಲ್ಲಿಗೆ ಲಾರಿಯಲ್ಲಿ ಹೋದೆವು.
ಅಪ್ಪ ಅರ್ಧ ಸ್ಲ್ಯಾಬು ಬಿಟ್ಟು ಬಂದಿದ್ದ, ಕಾಲಿಗಿನ್ನೂ ಸಿಮೆಂಟು.
ಹುಸೇನಸಾಬ ಆಡಿದ, ಕುಂಟ ದುರ್ಗಪ್ಪನೂ ಆಡಿದ, ನಾನು ಬೆಂಚು.
ಎಂಬತ್ತಾರನೇ ನಿಮಿಷ ಮಾಸ್ತರ ಹೆಗಲ ಮೇಲೆ ಕೈಯಿಟ್ಟ:
"ಎಡಕ್ಕ ನಿಲ್ಲು. ಚೆಂಡು ಬರಲಿಕ್ಕಿಲ್ಲ. ಬರದಿದ್ರೂ ನಿಲ್ಲು."
ನಿಂತೆ.
ಬರಲಿಲ್ಲ.
ಗೆದ್ದೆವು. ಫೋಟೋದಲ್ಲಿ ನನ್ನ ಮುಖ ಅರ್ಧ ಇದೆ.
ಲಾರಿಯಲ್ಲಿ ಅಪ್ಪ ಕೇಳಿದ, ನಿನ್ನ ಯಾಕ ಕರದ್ರು?

ನಾಲ್ಕು ವರ್ಷ ಮಾಸ್ತರನ ಜೊತೆ ಮಾತು ಬಿಟ್ಟೆ.
ಅವನೂ ಕರೆಯಲಿಲ್ಲ. ಬೇರೆ ಹುಡುಗರು, ಬೇರೆ ಚಿಪ್ಪು.
ಕ್ರೇನಿನ ಕೆಲಸ ಸಿಕ್ಕ ದಿನ ಕಡತದಲ್ಲಿ ಒಂದು ಚೀಟಿ ಕಂಡೆ,
ನನ್ನ ಹೆಸರು ಯಮುನಾ ಎಂದು ಬರೆದಿತ್ತು,
ಕೆಳಗೆ: ಜಾಗ ಬಿಡುವವನಲ್ಲ. ಪಾ. ವಾಜ್.
ಕೇಳಲು ಹೋದಾಗ ಬಾಗಿಲಿಗೆ ಬೀಗ;
ಮಗಳ ಊರಿಗೆ ಹೋದ ಎಂದರು, ಯಾವ ಊರೋ.

ಈಗ ಹಡಗಿನ ಹೊಟ್ಟೆಗೆ ಅದಿರು ಸುರಿಯುವ ನಡುವೆ
ಕ್ಯಾಬಿನ್ನಿನಿಂದ ಬೈನಾ ಒಂದು ಚೂರು ಕಾಣುತ್ತದೆ.
ಹುಡುಗರೆಲ್ಲ ಚೆಂಡಿನ ಹಿಂದೆ, ಬೆಲ್ಲಕ್ಕೆ ಮುತ್ತಿದ ಇರುವೆ.
ಎಡಗಡೆ ಅಷ್ಟೂ ಮರಳು ಖಾಲಿ.
ಗಾಜಿನ ಮೇಲೆ ಅಲ್ಲಿಗೇ ಬೆರಳಿಟ್ಟು ಒರೆಸುತ್ತೇನೆ.
ವಾಕಿಟಾಕಿ ಬೈಯುತ್ತದೆ, ಏ, ಬಕೆಟ್ ಇಳಿಸೋ.
ನೀರು ಏರುತ್ತಿದೆ, ಇನ್ನು ಇಪ್ಪತ್ತು ನಿಮಿಷ ಆಡಬಹುದು ಅವರು.
ಒಂದು ಪೀಪಾಯಿ ಆಗಲೇ ತೇಲುತ್ತಿದೆ.